ಹಾಸನದಿಂದ ಮಲ್ಪೆಗೆ: ಗಾಳ ಹಿಡಿದು ಕಡಲಿಗೆ ಹೊರಟವರಿಗೆ

ಗೊರೂರು ಹಿನ್ನೀರಿನ ದಡದಲ್ಲಿ ಎರೆಹುಳ ಚುಚ್ಚಿ ಜಿಲೇಬಿ ಮೀನು ಹಿಡಿದವರಿಗೆಲ್ಲ ಒಂದಲ್ಲ ಒಂದು ದಿನ ಕಡಲಿನ ಆಸೆ ಹುಟ್ಟುತ್ತದೆ. ನಮ್ಮ ಗುಂಪಿಗೂ ಹುಟ್ಟಿತು. ಆಲೂರಿನಲ್ಲಿ ಶುಂಠಿ ಬೆಳೆಯುವ ಗೆಳೆಯ, ಸಕಲೇಶಪುರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಹಾಸನದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವವನು, ಮತ್ತೆ ನಾನು. ಹೋಗಿ ಬಂದಮೇಲೆ ಕೇಳುವವರು ಜಾಸ್ತಿಯಾದರು. ಎಲ್ಲರ ಪ್ರಶ್ನೆ ಒಂದೇ: ಯಾವ ರಾಡ್ ತಗೋಬೇಕು? ರಾಡ್ ಆಮೇಲೆ ನೋಡೋಣ. ಘಟ್ಟದ ಮೇಲಿನವರಿಗೆ ಕಡಲಿನ ದಿನ ಚೆನ್ನಾಗಿ ಆಗುವುದೋ ಹಾಳಾಗುವುದೋ ಅನ್ನೋದು ಹಿಂದಿನ ದಿನವೇ ತೀರ್ಮಾನವಾಗಿರುತ್ತದೆ.

ಮೊದಲು ಕಾಲ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗಸ್ಟಿನಲ್ಲಿ ಬೋಟುಗಳು ಇಳಿಯುತ್ತವೆ ನಿಜ, ಆದರೆ ಕಡಲು ಇನ್ನೂ ಗದ್ದಲದಲ್ಲೇ ಇರುತ್ತದೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ಬೋಟುಗಳೂ ಮಳೆಗಾಲ ಮುಗಿಯುವವರೆಗೆ ದಡದಲ್ಲೇ ಇರುತ್ತವೆ. ಅವರೇ ಹೋಗದಿದ್ದಾಗ ನಮಗೇನು ಅವಸರ?

ದಾರಿ ಗೊತ್ತಿರುವುದೇ. ಸಕಲೇಶಪುರ, ಶಿರಾಡಿ ಘಾಟಿ, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡ್, ಅಲ್ಲಿಂದ ಮಂಗಳೂರಿನ ಅಂಚು ಹಾದು ಸುರತ್ಕಲ್, ಕಾಪು, ಉಡುಪಿ. ಸುಮಾರು 230 ಕಿ.ಮೀ. ಊಟ ತಿಂಡಿ ಸೇರಿ ಆರು ಗಂಟೆ ಇಟ್ಟುಕೊಳ್ಳಿ. ಕಾರು ಬೇಡ ಅನ್ನುವವರಿಗೆ ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಹಾಸನದ ಮೇಲೇ ಉಡುಪಿಗೆ ಹೋಗುತ್ತದೆ. ರಾತ್ರಿ ಗಾಡಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 57 ಸುರಂಗಗಳಲ್ಲಿ ಒಂದೂ ಕಾಣುವುದಿಲ್ಲ, ಅಷ್ಟೇ ಬೇಜಾರು. ಬರುವಾಗ ಮೀನಿನ ಪೆಟ್ಟಿಗೆ ಇಟ್ಟುಕೊಂಡು ರೈಲಿನಲ್ಲಿ ಕೂರುವುದಂತೂ ಬೇಡ, ಅಕ್ಕಪಕ್ಕದವರು ಶಾಪ ಹಾಕುತ್ತಾರೆ.

ತುಂಬಾ ಜನ ಹಾಕುವ ಲೆಕ್ಕ ಹೀಗೆ: ಶನಿವಾರ ರಾತ್ರಿ ಊಟ ಮಾಡಿ ಹೊರಡೋಣ, ಬೆಳಗಿನ ಜಾವ ಮಲ್ಪೆ ಮುಟ್ಟೋಣ, ಹಾಗೇ ಬೋಟು ಹತ್ತೋಣ. ಮಾಡಬೇಡಿ. ಘಾಟಿಯ ತಿರುವಿನಲ್ಲಿ ಹೊಟ್ಟೆ ಕಲಕಿರುತ್ತದೆ, ನಿದ್ದೆ ಇರುವುದಿಲ್ಲ, ಅದರ ಮೇಲೆ ಅಲೆ. ಶನಿವಾರ ಬೆಳಿಗ್ಗೆ ಹೊರಟು ಮಧ್ಯಾಹ್ನ ಮಲ್ಪೆಯಲ್ಲಿರಿ. ನಾವು ಹಾಗೇ ಮಾಡಿದ್ದು. ಸಂಜೆ ಬೋಟುಗಳು ನಿಲ್ಲುವ ದಕ್ಕೆಗೆ ಹೋಗಿ ಬೋಟಿನವರನ್ನು ಕಂಡು, ಬೋಟನ್ನೂ ಕಣ್ಣಾರೆ ನೋಡಿದೆವು. ಫೋನಿನಲ್ಲಿ ಎಲ್ಲ ಬೋಟೂ ದೊಡ್ಡದೇ.

ದಕ್ಕೆಯಲ್ಲಿ ಸಾಲಾಗಿ ನಿಂತ ಭಾರಿ ಬೋಟುಗಳನ್ನು ನೋಡಿ ಅದರಲ್ಲೇ ಹೋಗೋಣ ಅನಿಸುತ್ತದೆ. ಆಳಸಮುದ್ರಕ್ಕೆ ಹೋಗುವ ಬೋಟುಗಳು ಒಮ್ಮೆ ಹೋದರೆ ವಾರಕ್ಕೂ ಜಾಸ್ತಿ ಕಡಲಲ್ಲೇ ಇರುತ್ತವೆ. ಅದು ಅವರ ದುಡಿಮೆ, ನಮ್ಮ ಪಿಕ್‌ನಿಕ್ ಅಲ್ಲ. ನಮಗೆ ಬೇಕಾದ್ದು ಗಾಳ ಹಾಕುವವರನ್ನು ಒಂದು ದಿನಕ್ಕೆ ಕರೆದೊಯ್ಯುವ ಚಿಕ್ಕ ಬೋಟು. ಜನರನ್ನು ಕೂರಿಸಿಕೊಂಡು ಹೋಗಲು ಪರವಾನಗಿ ಇದೆಯಾ, ತಲೆಗೊಂದು ಲೈಫ್ ಜಾಕೆಟ್ ಇದೆಯಾ, ವೈರ್‌ಲೆಸ್ ಇದೆಯಾ, ಇಂಜಿನ್ ಕೈಕೊಟ್ಟರೆ ಏನು ಮಾಡುತ್ತೀರಿ ಎಂದು ನೇರವಾಗಿ ಕೇಳಿ. ಬಾಡಿಗೆಯಲ್ಲಿ ಡೀಸೆಲ್, ಐಸ್, ಗಾಳಕ್ಕೆ ಹಾಕುವ ಮೀನು ಎಲ್ಲ ಸೇರಿದೆಯಾ ಅನ್ನೋದನ್ನೂ ಆಗಲೇ ಕೇಳಿಕೊಳ್ಳಿ. ನಾವು ಮೊದಲು ಮಾತಾಡಿಸಿದ ಒಬ್ಬರು ಜಾಕೆಟ್ ವಿಷಯ ಬಂದಾಗ ನಕ್ಕರು. ನಾವು ಅಲ್ಲಿಂದ ಮುಂದಕ್ಕೆ ಹೋದೆವು. ಎಲ್ಲರೂ ಆಧಾರ್ ಕಾರ್ಡು ಇಟ್ಟುಕೊಂಡಿರಿ. ಕರಾವಳಿ ಕಾವಲು ಪೊಲೀಸರ ಕೇಂದ್ರ ಕಚೇರಿ ಇರುವುದೇ ಮಲ್ಪೆಯಲ್ಲಿ, ಯಾವಾಗ ಬೇಕಾದರೂ ಕೇಳಬಹುದು. ಅವರ ಸಹಾಯವಾಣಿ 1093, ಕೋಸ್ಟ್ ಗಾರ್ಡಿನದ್ದು 1554. ಎರಡನ್ನೂ ಫೋನಿನಲ್ಲಿ ಹಾಕಿಕೊಳ್ಳಿ. ಮನೆಯವರಿಗೂ ಕೊಟ್ಟಿರಿ, ಏಕೆಂದರೆ ದೂರ ಹೋದಮೇಲೆ ನಿಮ್ಮ ಫೋನಿಗೆ ಸಿಗ್ನಲ್ ಸಿಗುವ ನಂಬಿಕೆ ಇಲ್ಲ.

ಗಾಳಿಯ ವಿಷಯ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲಿನ ಅಲೆ, ಗಾಳಿಯ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಎರಡನ್ನೂ ನೋಡಿ. ಅಲೆ ಒಂದು ಮೀಟರು ದಾಟುತ್ತದೆ ಅಂತಿದ್ದರೆ ಹೊಸಬರು ಚಿಕ್ಕ ಬೋಟಿನಲ್ಲಿ ಹೋಗದಿರುವುದೇ ಲೇಸು. ಚಳಿಗಾಲದ ದಿನಗಳಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತೆಳ್ಳಗೆ ಗಾಳಿ ಬೀಸುತ್ತದೆ, ನೀರು ಶಾಂತವಾಗಿರುತ್ತದೆ. ಬಿಸಿಲೇರಿದಮೇಲೆ ಗಾಳಿ ಕಡಲಿನ ಕಡೆಯಿಂದ ತಿರುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಲೆ ಮುರಿಯಲು ಶುರು. ಹಾಗಾಗಿ ಆರಕ್ಕೆ ಹೊರಟು ಒಂದೂವರೆಯೊಳಗೆ ದಡ ಸೇರುವ ಹಾಗೆ ಮಾತಾಡಿಕೊಳ್ಳಿ. ಹತ್ತು ಗಂಟೆಗೆ ಹೊರಡೋಣ ಅನ್ನುವ ಸೋಮಾರಿ ಎಲ್ಲ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನ ಮಾತು ಕೇಳಬೇಡಿ.

ಇನ್ನು ವಾಂತಿ. ನಮ್ಮ ಕಡೆಯವರಿಗೆ ಇದೇ ದೊಡ್ಡ ಸಮಸ್ಯೆ, ಆದರೆ ನಾಚಿಕೆಗೆ ಯಾರೂ ಹೇಳಿಕೊಳ್ಳುವುದಿಲ್ಲ. ಅವೋಮಿನ್ ತರಹದ ಮಾತ್ರೆ ಬೋಟು ಹತ್ತುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ತಲೆ ಸುತ್ತಲು ಶುರುವಾದಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಬಿಪಿ, ಶುಗರ್ ಅಥವಾ ಬೇರೆ ಔಷಧಿ ಇರುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಈ ಮಾತ್ರೆಗೆ ನಿದ್ದೆ ಬರುತ್ತದೆ. ಆದ್ದರಿಂದ ಅದನ್ನು ತೆಗೆದುಕೊಂಡವರು ಅದೇ ದಿನ ಶಿರಾಡಿ ಹತ್ತುವಾಗ ಸ್ಟಿಯರಿಂಗ್ ಮುಟ್ಟಬಾರದು. ಯಾರು ಗಾಡಿ ಓಡಿಸುತ್ತಾರೆ ಅನ್ನೋದನ್ನು ಮಾತ್ರೆ ಹಂಚುವಾಗಲೇ ತೀರ್ಮಾನ ಮಾಡಿ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಗೆ ಸ್ಟ್ರಾಂಗ್ ಕಾಫಿ ಬೇಡ, ಹಿಂದಿನ ರಾತ್ರಿ ಎಣ್ಣೆ ಬೇಡವೇ ಬೇಡ. ಆಲೂರಿನವನು ತನ್ನ ಹೊಲದ ಶುಂಠಿಯನ್ನು ಹೆಚ್ಚಿ ಉಪ್ಪು ಹಾಕಿ ಡಬ್ಬಿಯಲ್ಲಿ ತಂದಿದ್ದ. ಬೋಟು ನಡೆಸುವ ತಾಂಡೇಲ ಕೂಡ ಕೇಳಿ ಇಸಿದುಕೊಂಡು ತಿಂದರು.

ಬೆಳಿಗ್ಗೆ ದಕ್ಕೆಯಲ್ಲಿ ಆಗಲೇ ಸಂತೆ. ಒಂದು ಕಡೆ ಮೀನು ಇಳಿಸುತ್ತಿದ್ದರು, ಇನ್ನೊಂದು ಕಡೆ ಏಲಂ ಕೂಗುತ್ತಿದ್ದರು. ನಾವು ಅಲ್ಲೇ ಬೊಂಡಾಸ್ (ಸ್ಕ್ವಿಡ್), ಬಂಗುಡೆ ಮತ್ತು ಸ್ವಲ್ಪ ಎಟ್ಟಿ (ಸೀಗಡಿ) ಕೊಂಡೆವು. ಗಾಳಕ್ಕೆ ಇವೇ. ಮೊಬೈಲ್ ಅಂಗಡಿಯವನು ಆನ್‌ಲೈನಿನಲ್ಲಿ ತರಿಸಿದ್ದ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳ ಡಬ್ಬಿ ತೆರೆದ. ತಾಂಡೇಲ ಒಂದನ್ನು ಎತ್ತಿ ನೋಡಿ, "ಚಂದ ಉಂಟು ಮಾರಾಯ್ರೆ, ಮಕ್ಕಳಿಗೆ ಆಟಕ್ಕೆ ಕೊಡ್ಬಹುದು" ಎಂದರು.

ಬೋಟು ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ಎಲ್ಲರೂ ಕೂತಿರಬೇಕು. ಹೊಳೆ ನೀರು ಹೊರಗೆ ನುಗ್ಗುವುದು, ಕಡಲಿನ ಅಲೆ ಒಳಗೆ ನುಗ್ಗುವುದು, ಎರಡೂ ಡಿಕ್ಕಿ ಹೊಡೆಯುವ ಜಾಗ ಅದು. ಇಳಿತದ ಹೊತ್ತಿನಲ್ಲಿ ಇನ್ನೂ ಜೋರು. ಸೆಲ್ಫಿ ತೆಗೆಯಲು ಎದ್ದು ನಿಂತ ರೈಟರನ್ನು ತಾಂಡೇಲ ಗದರಿ ಕೂರಿಸಿದರು. ಅಳಿವೆ ದಾಟಿದಮೇಲೆ ಎಡ ಬಲ ನೋಡಿ ಬೇಕಾದಷ್ಟು ಫೋಟೋ ತೆಗೆಯಬಹುದು. ದರಿಯಾ ಬಹದ್ದೂರ್ ಗಡ ದ್ವೀಪ ಕಾಣುತ್ತದೆ, ಆಚೆಗೆ ಸೇಂಟ್ ಮೇರೀಸಿನ ಕಂಬದಂಥ ಕಲ್ಲುಗಳು. ಆ ಕಲ್ಲು ಹುಟ್ಟಿದ್ದು ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದಲ್ಲಂತೆ. ರೈಟರ್ ಅದನ್ನು ಕೇಳಿ, "ಹಂಗಾದ್ರೆ ಹಳೇಬೀಡಿನ ಕಲ್ಲಿಗಿಂತ ಹಳೇದಾ ಮಗಾ?" ಅಂದ. ಯಾರೂ ಉತ್ತರ ಕೊಡಲಿಲ್ಲ.

ಮೊದಲ ಒಂದು ಗಂಟೆ ಬೋಟು ನಿಧಾನಕ್ಕೆ ಓಡಿಸುತ್ತಾ ಹಿಂದೆ ಪ್ಲಾಸ್ಟಿಕ್ ಮೀನು ಎಳೆದೆವು. ಒಂದೇ ಒಂದು ಸಲ ರೀಲು ಕಿರುಚಿತು. ಎಲ್ಲರೂ ಎದ್ದರು. ಅಷ್ಟರಲ್ಲಿ ದಾರ ಸಡಿಲ. ಎಳೆದು ನೋಡಿದರೆ ತುದಿ ಬ್ಲೇಡಿನಲ್ಲಿ ಕೊಯ್ದ ಹಾಗೆ ತುಂಡಾಗಿತ್ತು. "ಅಂಜಲ್" ಎಂದರು ತಾಂಡೇಲ. ಅಂಜಲ್ ಮೀನಿನ ಹಲ್ಲಿಗೆ ನೈಲಾನ್ ದಾರ ಲೆಕ್ಕವಿಲ್ಲ. ಅಂಜಲ್ ಬೇಕು ಅನ್ನುವವರು ಗಾಳದ ಹತ್ತಿರ ಒಂದು ಗೇಣು ಸ್ಟೀಲ್ ತಂತಿ ಕಟ್ಟಿಕೊಳ್ಳಿ. ಬೆಲೆ ಕಮ್ಮಿ, ತೂಕವೂ ಇಲ್ಲ.

ಆಮೇಲೆ ಹತ್ತು ಮಾರು ಆಳದಲ್ಲಿ, ಕೆಳಗೆ ಕಲ್ಲಿರುವ ಕಡೆ ಲಂಗರು ಹಾಕಿದರು. ಮಜಾ ಶುರುವಾಗಿದ್ದು ಅಲ್ಲಿಂದ. ರಾಡನ್ನು ಬದಿಗಿಟ್ಟು ಕೈಗಾಳ ಹಿಡಿಸಿದರು: ದಪ್ಪ ದಾರ, ಸೀಸದ ಗುಂಡು, ಎರಡು ಕೊಕ್ಕೆ, ಬೊಂಡಾಸಿನ ಉದ್ದ ಸೀಳು. ಗುಂಡು ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ. ಆಗ ಒಂದು ಮೊಳ ಮೇಲೆತ್ತಿ ಹಿಡಿಯಬೇಕು. ತಳದಲ್ಲೇ ಬಿಟ್ಟರೆ ಕಲ್ಲಿಗೆ ಸಿಕ್ಕಿಕೊಂಡು ಗುಂಡು ಕಡಲಿಗೇ ದಾನ. ಚಿಕ್ಕ ಮೀನು ಕುಟುಕುಟು ಕುಟ್ಟುತ್ತದೆ, ಅದಕ್ಕೆ ಎಳೆಯಬೇಡಿ. ಮುರು ಮೀನು ಹಾಗಲ್ಲ, ಒಂದೇ ಸಲ ಎಳೆದುಕೊಂಡು ತನ್ನ ಕಲ್ಲಿನ ಸಂದಿಗೆ ಓಡುತ್ತದೆ. ಆ ಕ್ಷಣದಲ್ಲಿ ಯೋಚನೆ ಮಾಡುತ್ತಾ ನಿಂತರೆ ಮುಗಿಯಿತು. ಕೈಗೆ ಹತ್ತಿ ಗ್ಲೌಸ್ ಇಲ್ಲದಿದ್ದರೆ ದಾರ ಚರ್ಮವನ್ನೇ ಕೊಯ್ಯುತ್ತದೆ. ದಾರವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ.

ನಮಗೆ ಮದ್ಮಲ್ ಮೀನು ಚೆನ್ನಾಗಿ ಸಿಕ್ಕಿತು, ಎರಡು ಒಳ್ಳೆಯ ಮುರು ಮೀನು, ಬೇಡವೆಂದರೂ ಬರುವ ತೇಡೆ ಅನ್ನುವ ಮೀಸೆ ಮೀನು. ತೇಡೆ ಬಂದರೆ ಕೈ ಹಾಕಬೇಡಿ. ಅದರ ಬೆನ್ನಿನ ಮೇಲೆ ಮತ್ತು ಎರಡು ಪಕ್ಕದಲ್ಲಿ ಮುಳ್ಳಿದೆ, ಚುಚ್ಚಿದರೆ ನಂಜು. ಚಪ್ಪಟೆ ಮೈಯ ತೊರಕೆ ಮೀನಿನ ಬಾಲದ ಮುಳ್ಳೂ ಹಾಗೆಯೇ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಅರ್ಧ ಗಂಟೆಗೂ ಹೆಚ್ಚು ಮುಳುಗಿಸಿಡಬೇಕು, ನೋವು ಇಳಿಯುತ್ತದೆ. ಆಮೇಲೆ ಆಸ್ಪತ್ರೆ. ಇದಕ್ಕಾಗಿಯೇ ಒಂದು ಫ್ಲಾಸ್ಕ್ ಬಿಸಿನೀರು ಬೋಟಿನಲ್ಲಿರಲಿ. ಬಳಕೆಯಾಗದಿದ್ದರೆ ಚಹಾ ಮಾಡಿಕೊಳ್ಳಿ. ಕೊಕ್ಕೆಗೆ ಅಕಸ್ಮಾತ್ ಕಡಲಾಮೆ ಸಿಕ್ಕರೆ ದಾರ ಕತ್ತರಿಸಿ ಜೋಪಾನವಾಗಿ ಬಿಟ್ಟುಬಿಡಿ, ಅದು ಕಾನೂನಿನ ರಕ್ಷಣೆ ಇರುವ ಜೀವ. ಅಂಗೈಗಿಂತ ಚಿಕ್ಕ ಮೀನುಗಳನ್ನೂ ನಾವು ನೀರಿಗೇ ಬಿಟ್ಟೆವು. ತಿನ್ನುವುದಕ್ಕೂ ಸಾಲದು, ಬೆಳೆಯಲಿ.

ಹನ್ನೊಂದರ ಹೊತ್ತಿಗೆ ಲಂಗರು ಹಾಕಿದ ಬೋಟು ತೊಟ್ಟಿಲಾಡತೊಡಗಿತು. ಬೋಟು ಓಡುವಾಗ ಗಟ್ಟಿಯಾಗಿದ್ದ ಮೊಬೈಲ್ ಅಂಗಡಿಯವನು ನಿಂತ ಬೋಟಿನಲ್ಲಿ ಮಲಗಿಬಿಟ್ಟ. ಇದು ಎಲ್ಲರಿಗೂ ಗೊತ್ತಿರಲಿ: ತಲೆ ತಿರುಗುವುದು ನಿಂತಾಗಲೇ ಜಾಸ್ತಿ. ಅಂಥವರನ್ನು ಡೀಸೆಲ್ ಹೊಗೆ ಬರದ ಕಡೆ, ಬೋಟಿನ ನಡುಭಾಗದಲ್ಲಿ ಕೂರಿಸಿ ದೂರದ ದಡ ನೋಡಲು ಹೇಳಿ. ಫೋನ್ ಕಿತ್ತುಕೊಳ್ಳಿ. ಅವನಿಗೋಸ್ಕರ ಅರ್ಧ ಗಂಟೆ ಮೊದಲೇ ಹೊರಟೆವು, ಯಾರೂ ಗೊಣಗಲಿಲ್ಲ. ಸಂಸಾರ ಸಮೇತ ಬರುವವರಿಗೆ ಇನ್ನೊಂದು ಮಾತು: ಚಿಕ್ಕ ಬೋಟುಗಳಲ್ಲಿ ಶೌಚಾಲಯ ಇರುವುದಿಲ್ಲ. ಮೊದಲೇ ಕೇಳಿ. ಬಿಸಿಲು ಮೇಲಿನಿಂದಲೂ ನೀರಿನಿಂದಲೂ ಹೊಡೆಯುತ್ತದೆ. ತುಂಬುತೋಳಿನ ಅಂಗಿ, ಟೋಪಿ, ಒಬ್ಬೊಬ್ಬರಿಗೂ ಕುಡಿಯಲು ಮೂರು ಲೀಟರ್ ನೀರು.

ದಡಕ್ಕೆ ಬಂದು ಕುಚಲಕ್ಕಿ ಅನ್ನ, ಮೀನು ಗಸಿ, ಕಾಣೆ ರವಾ ಫ್ರೈ. ಮಲ್ಪೆಯಲ್ಲಿ ಊಟದ ಬಗ್ಗೆ ಸಲಹೆ ಕೊಡುವ ಅಗತ್ಯವೇ ಇಲ್ಲ, ಎಲ್ಲಿ ಹೊಕ್ಕರೂ ಮೋಸವಿಲ್ಲ.

ಮೀನು ತರುವುದಕ್ಕೆ ಮಾತ್ರ ಶ್ರದ್ಧೆ ಬೇಕು. ಆರು ಗಂಟೆಯ ದಾರಿ. ಹಿಡಿದ ತಕ್ಷಣ ಬೋಟಿನಲ್ಲೇ ಐಸಿಗೆ ಹಾಕಬೇಕು. ಬಂಗುಡೆ, ಕೇದರ್ (ಟ್ಯೂನಾ) ಜಾತಿಯ ಮೀನು ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ನಂಜು ಸೇರುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ಮೈಯೆಲ್ಲ ಕೆಂಪಾಗಿ ತುರಿಕೆ ಬರುತ್ತದೆ. ದಕ್ಕೆಯಲ್ಲಿ ಹೊಟ್ಟೆ ತೆಗೆಸಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒಂದು ಪದರ ಐಸ್ ಪುಡಿ, ಒಂದು ಪದರ ಮೀನು ಹಾಕಿಸಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್, ಕಂಜೂಸಿ ಬೇಡ. ಕರಗಿದ ನೀರು ಕಾರಿನೊಳಗೆ ಸೋರಿದರೆ ಆ ವಾಸನೆ ಹಾಸನಾಂಬ ಜಾತ್ರೆವರೆಗೂ ಇರುತ್ತದೆ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ. ಘಾಟಿ ಹತ್ತುವ ಮೊದಲು ಗುಂಡ್ಯದಲ್ಲಿ ಇಳಿದು ಒಮ್ಮೆ ಮುಚ್ಚಳ ತೆಗೆದು ನೋಡಿ. ಮತ್ತೆ, ದೊಡ್ಡ ಮೀನು ಸಿಕ್ಕಿದರೆ ಬೋಟಿನ ಮೇಲೆ, ಹಿಂದೆ ಕಡಲು ಕಾಣುವ ಹಾಗೆ ಫೋಟೋ ತೆಗೆಸಿಕೊಂಡಿರಿ. ಇಲ್ಲದಿದ್ದರೆ ದಕ್ಕೆಯಲ್ಲಿ ಕೊಂಡು ತಂದಿದ್ದಾರೆ ಅಂತಾರೆ ಮನೆಯಲ್ಲಿ.