ಟಾರ್ಗೆಟ್ ಮುಟ್ಟಿತು, ಆದರೆ ಯಾರನ್ನು ಮುಟ್ಟಿತು?

"ಇದಕ್ಕೆ ಎವಿಡೆನ್ಸ್ ಇದೆ" ಅನ್ನೋ ಮಾತು ಈಗ ಎನ್‌ಜಿಒ ಮೀಟಿಂಗ್‌ಗಳಲ್ಲಿ ದಿನಾ ಕೇಳುತ್ತದೆ. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ, ಬಡತನ ತಗ್ಗಿಸುವ ದಾರಿಗಳನ್ನು ಪ್ರಯೋಗ ಮಾಡಿ ಪರೀಕ್ಷಿಸಿದ್ದಕ್ಕೆ, ಅರ್ಥಶಾಸ್ತ್ರದ ನೊಬೆಲ್ ಬಂದ ಮೇಲಂತೂ ಇನ್ನೂ ಜಾಸ್ತಿ. ಒಳ್ಳೆಯದೇ. ಆದರೆ ನೂರು ಊರಲ್ಲಿ ಗೆದ್ದ ಪ್ರಯೋಗವನ್ನು ಸಾವಿರ ಊರಿಗೆ ಒಯ್ಯುವಾಗ ಅದನ್ನು ಮನೆಮನೆಗೆ ಮುಟ್ಟಿಸುವ ಫೀಲ್ಡ್‌ನವರು ಯಾರ ಬಾಗಿಲು ತಟ್ಟುತ್ತಾರೆ, ಯಾರ ಬಾಗಿಲು ಬಿಡುತ್ತಾರೆ ಅಂತ ಕೇಳುವವರು ಕಡಿಮೆ.

ನಾನು ರಾಯಚೂರು ಕಡೆ ಒಂದು ಸಂಸ್ಥೆಯಲ್ಲಿ ಮಾನಿಟರಿಂಗ್ ನೋಡಿಕೊಳ್ಳುತ್ತೇನೆ. ಅಂದರೆ ಫಾರ್ಮ್, ಎಕ್ಸೆಲ್ ಶೀಟ್, ದುಡ್ಡು ಕೊಡುವ ಡೋನರ್‌ಗೆ ರಿಪೋರ್ಟ್. ಈ ಕೆಲಸಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ಬಾಂಗ್ಲಾದೇಶದಲ್ಲಿ ಮೊದಲು ಗೆದ್ದು ಆಮೇಲೆ ಸೋತ ಒಂದು ಕಾರ್ಯಕ್ರಮ.

ಬಾಂಗ್ಲಾದ ಉತ್ತರಕ್ಕೆ ರಂಗ್‌ಪುರ ಅಂತ ಒಂದು ಸೀಮೆ. ಅಲ್ಲಿ ಭತ್ತ ನಾಟಿ ಮುಗಿದು ಕೊಯ್ಲು ಬರುವ ತನಕ, ಸುಮಾರು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಕೂಲಿ ಸಿಗುವುದಿಲ್ಲ, ಅಕ್ಕಿ ರೇಟು ಏರುತ್ತದೆ. ಆ ಹಸಿವಿನ ತಿಂಗಳುಗಳಿಗೆ ಅವರು ಮೊಂಗಾ ಅನ್ನುತ್ತಾರೆ. ಊರು ಬಿಟ್ಟು ಗುಳೆ ಹೋದರೆ ಪಟ್ಟಣದಲ್ಲಿ ಕೆಲಸ ಇದೆ. ಆದರೂ ತುಂಬಾ ಮನೆಗಳಿಂದ ಯಾರೂ ಹೋಗುತ್ತಿರಲಿಲ್ಲ. ಕೈಯಲ್ಲಿ ಏನೂ ಇಲ್ಲದವನಿಗೆ ಬಸ್ ಚಾರ್ಜ್ ಕಳೆದುಕೊಳ್ಳುವ ಭಯವೂ ದೊಡ್ಡದು, ಅಲ್ವಾ?

2008ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮುಶ್ಫಿಕ್ ಮುಬಾರಕ್ ಮತ್ತು ಜೊತೆಗಾರರು ಅಲ್ಲಿನ 100 ಊರುಗಳನ್ನು ಲಾಟರಿ ಹಾಕಿದ ಹಾಗೆ ಗುಂಪು ಮಾಡಿದರು. ಕೆಲವು ಊರಲ್ಲಿ ಗುಳೆ ಹೋಗುವ ಖರ್ಚಿಗೆ 600 ಟಾಕಾ ನಗದು, ಕೆಲವು ಕಡೆ ಅಷ್ಟೇ ಸಾಲ, ಕೆಲವು ಕಡೆ "ಇಂಥ ಊರಲ್ಲಿ ಇಂಥ ಕೆಲಸ ಇದೆ" ಅನ್ನೋ ಮಾಹಿತಿ ಮಾತ್ರ, ಉಳಿದ ಕಡೆ ಏನೂ ಇಲ್ಲ. ಬರೀ ಮಾಹಿತಿ ಕೊಟ್ಟ ಕಡೆ ಏನೂ ಬದಲಾಗಲಿಲ್ಲ. (ಜಾಗೃತಿ ಕಾರ್ಯಕ್ರಮ ಅಂತ ಬ್ಯಾನರ್ ಕಟ್ಟುವವರು ಇದನ್ನೊಮ್ಮೆ ಓದಬೇಕು.) ದುಡ್ಡು ಅಥವಾ ಸಾಲ ಸಿಕ್ಕ ಊರುಗಳಲ್ಲಿ ಮಾತ್ರ ಗುಳೆ ಹೋದ ಮನೆಗಳು ಶೇ. 36ರ ಬದಲು ಶೇ. 58ರಷ್ಟಾದವು. ಹೋದವರ ಮನೆಯಲ್ಲಿ ಊಟ ಸುಧಾರಿಸಿತು. ಮರುವರ್ಷ ದುಡ್ಡು ಕೊಡದಿದ್ದರೂ ಆ ಊರುಗಳಿಂದ ಹೆಚ್ಚು ಜನ ಮತ್ತೆ ಹೋದರು.

ಇಂಥ ಫಲಿತಾಂಶ ನೋಡಿದ ಮೇಲೆ ಯಾರು ಸುಮ್ನೆ ಕೂರುತ್ತಾರೆ? ಎವಿಡೆನ್ಸ್ ಆಕ್ಷನ್ ಅನ್ನೋ ಸಂಸ್ಥೆ ಇದನ್ನು 'ನೋ ಲೀನ್ ಸೀಸನ್' ಹೆಸರಲ್ಲಿ ದೊಡ್ಡದು ಮಾಡಿತು. ಸ್ಥಳೀಯ ಸಂಸ್ಥೆಯ ಮೂಲಕ 2017ರ ಹೊತ್ತಿಗೆ ನೂರಾರು ಊರುಗಳಲ್ಲಿ ಸಾಲ ಹಂಚಿದರು. ನನಗೆ ಇಷ್ಟವಾಗಿದ್ದು, ದೊಡ್ಡದು ಮಾಡುವಾಗಲೂ ಅಳೆಯುವುದನ್ನು ಅವರು ಬಿಡಲಿಲ್ಲ. ಈ ಸಲ ಸಾಲ ಹಂಚಿದ ಊರಿಗೂ ಹಂಚದ ಊರಿಗೂ ಗುಳೆ ಹೋಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಅದನ್ನು ತಾವೇ ಬಹಿರಂಗವಾಗಿ ಹೇಳಿದರು, 2019ರಲ್ಲಿ ಕಾರ್ಯಕ್ರಮ ನಿಲ್ಲಿಸಿದರು.

ಯಾಕೆ ಹೀಗಾಯ್ತು ಅಂತ ಸಂಶೋಧಕರು ಆಮೇಲೆ ಕೆದಕಿದಾಗ ಸಿಕ್ಕ ಉತ್ತರ ಫೀಲ್ಡ್ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವಂಥದ್ದೇ. ಸಾಲ ಹಂಚುವವರು ಹೇಗಿದ್ದರೂ ಗುಳೆ ಹೋಗಲಿದ್ದವರನ್ನೇ ಹುಡುಕಿ ಸಾಲ ಕೊಟ್ಟಿದ್ದರು. ಹೆದರಿ ಊರಲ್ಲೇ ಉಳಿದವನನ್ನು ಒಪ್ಪಿಸುವುದಕ್ಕಿಂತ ಅದು ಸುಲಭ. ಲೆಕ್ಕದಲ್ಲಿ ಸಾಲಕ್ಕೆ ಸಾಲ ಹೋಗಿದೆ, ಸಾಲ ಪಡೆದವನು ಗುಳೆಗೂ ಹೋಗಿದ್ದಾನೆ. ಕಾಗದದ ಮೇಲೆ ಎಲ್ಲ ಸರಿ! ಪಕ್ಕದಲ್ಲಿ ಸಾಲ ಸಿಗದ ಊರು ಇಲ್ಲದಿದ್ದರೆ ಇದು ಯಾರಿಗೂ ಕಾಣುತ್ತಲೇ ಇರಲಿಲ್ಲ.

ನಮ್ಮಲ್ಲಿ ಗುಳೆ ಹೋಗುವವರ ಮಕ್ಕಳಿಗೆ ಸೀಸನಲ್ ಹಾಸ್ಟೆಲ್ ನಡೆಯುತ್ತದೆ. ಅಪ್ಪ ಅಮ್ಮ ಬೆಂಗಳೂರಿಗೋ ಹೈದರಾಬಾದಿಗೋ ಹೋದರೂ ಮಕ್ಕಳು ಊರಲ್ಲೇ ಉಳಿದು ಶಾಲೆಗೆ ಹೋಗಲಿ ಅನ್ನೋದು ಉದ್ದೇಶ. ಹಾಸ್ಟೆಲ್ ತುಂಬಿತ್ತು, ಹಾಜರಿ ಚೆನ್ನಾಗಿತ್ತು, ಫೋಟೊಗಳೂ ಚೆನ್ನಾಗಿದ್ದವು. ಬಾಂಗ್ಲಾ ಕಥೆ ಓದಿದ ಮೇಲೆ ಫಾರ್ಮ್‌ನಲ್ಲಿ ಒಂದೇ ಪ್ರಶ್ನೆ ಸೇರಿಸಿದೆವು: ಹೋದ ವರ್ಷ ಅಪ್ಪ ಅಮ್ಮ ಗುಳೆ ಹೋದಾಗ ಈ ಮಗು ಎಲ್ಲಿತ್ತು? ಬಹಳಷ್ಟು ಕಡೆ ಬಂದ ಉತ್ತರ ಒಂದೇ: ಅಜ್ಜಿ ಹತ್ತಿರ, ಇದೇ ಊರಲ್ಲಿ, ಇದೇ ಶಾಲೆಯಲ್ಲಿ. ಹಾಸ್ಟೆಲ್ ಊಟ ಆ ಮಕ್ಕಳಿಗೂ ಬೇಕು, ಅಜ್ಜಿಗೂ ಅದರಿಂದ ಅನುಕೂಲ. ಆದರೆ ತಮ್ಮನನ್ನು ನೋಡಿಕೊಳ್ಳಲು ಕಟ್ಟಡದ ಸೈಟಿಗೆ ಹೋಗುವ ಹುಡುಗಿ ನಮ್ಮ ಪಟ್ಟಿಯಲ್ಲಿ ಕಡಿಮೆ.

ಫೀಲ್ಡ್ ಸಹೋದ್ಯೋಗಿಯೊಬ್ಬರು ನೇರವಾಗಿ ಹೇಳಿದರು: "ಟಾರ್ಗೆಟ್ ನೀವ ಕೊಟ್ಟೀರಿ ಮೇಡಂ. ಬರೋ ಮಕ್ಕಳನ್ನ ಬಿಟ್ಟು ಬರಲಾರದವರ ಮನಿ ಮುಂದ ಎಷ್ಟ್ ದಿನ ಕುಂದ್ರೋದ್ರಿ?" ನೂರಕ್ಕೆ ನೂರು ಸರಿ. ಸಂಬಳ, ರಿವ್ಯೂ ಎಲ್ಲ ತಲೆ ಎಣಿಕೆಯ ಮೇಲೆ ನಿಂತಿರುವಾಗ ಅವರು ಕಷ್ಟದ ಮನೆಗೆ ಯಾಕೆ ಹೋಗಬೇಕು?

ಯೋಜನೆಯ ಫಲ ಅದನ್ನು ನಡೆಸುವವರ ಮೇಲೆ ನಿಂತಿರುವುದು ಎಲ್ಲ ಕಡೆ ಇದ್ದದ್ದೇ. ಕೀನ್ಯಾದಲ್ಲಿ ಗುತ್ತಿಗೆ ಶಿಕ್ಷಕರನ್ನು ಎನ್‌ಜಿಒ ನಡೆಸಿದ ಕಡೆ ಮಕ್ಕಳ ಅಂಕ ಏರಿತು, ಅದೇ ಯೋಜನೆ ಸರ್ಕಾರದ ಕೈಗೆ ಹೋದ ಕಡೆ ಏರಲಿಲ್ಲ. ಕರ್ನಾಟಕದ ಪಿಎಚ್‌ಸಿಗಳಲ್ಲೂ (ಪ್ರಾಥಮಿಕ ಆರೋಗ್ಯ ಕೇಂದ್ರ) 2010ರ ಸುಮಾರಿಗೆ ಬೆರಳಚ್ಚು ಹಾಜರಿ ಯಂತ್ರ ಇಟ್ಟು ಅಧ್ಯಯನ ಮಾಡಿದ್ದರು. ನರ್ಸ್, ಲ್ಯಾಬ್ ಟೆಕ್ನಿಷಿಯನ್‌ಗಳ ಹಾಜರಿ ಹೆಚ್ಚಿತು, ಡಾಕ್ಟರ್‌ಗಳದ್ದು ಹೆಚ್ಚಲಿಲ್ಲ. ಗೈರಾದವರ ರಜೆ ಕತ್ತರಿಸುವ ನಿಯಮ ಪೂರ್ತಿ ಜಾರಿಯಾಗಲೇ ಇಲ್ಲ.

ನಾವು ಟಾರ್ಗೆಟ್ ತೆಗೆದಿಲ್ಲ, ತೆಗೆದರೆ ಡೋನರ್ ಒಪ್ಪುವುದಿಲ್ಲ. ಅದರ ಪಕ್ಕಕ್ಕೆ ಇನ್ನೊಂದು ಕಾಲಂ ಹಾಕಿದ್ದೇವೆ: ಹೋದ ವರ್ಷ ಊರು ಬಿಟ್ಟಿದ್ದ ಮಕ್ಕಳೆಷ್ಟು? ಅಂಥ ಮಗು ಮಧ್ಯದಲ್ಲಿ ಬಿಟ್ಟು ಹೋದರೂ ರಿವ್ಯೂನಲ್ಲಿ ಫೀಲ್ಡ್‌ನವರಿಗೆ ಮೈನಸ್ ಇಲ್ಲ. ಹೊಸ ಹಾಸ್ಟೆಲ್‌ಗೆ ಕೇಳಿದ ಊರುಗಳು ಇರುವ ದುಡ್ಡಿಗಿಂತ ಜಾಸ್ತಿ ಇದ್ದವು. ಹಾಗಾಗಿ ಪಂಚಾಯ್ತಿಯವರ, ಎಸ್‌ಡಿಎಂಸಿ ಅನ್ನೋ ಶಾಲಾ ಸಮಿತಿಯವರ ಮುಂದೆಯೇ ಚೀಟಿ ಎತ್ತಿದೆವು. "ನಮ್ಮೂರಿಗೆ ಯಾಕಿಲ್ಲ?" ಅಂತ ಜಗಳ ಆಗುತ್ತದೆ ಅಂದುಕೊಂಡಿದ್ದರು ಆಫೀಸಿನಲ್ಲಿ. ಆದರೆ ಶಿಫಾರಸಿಗಿಂತ ಚೀಟಿಯೇ ವಾಸಿ ಅಂದವರೇ ಹೆಚ್ಚು. ಚೀಟಿ ಬಾರದ ಊರಲ್ಲೂ ಅದೇ ಫಾರ್ಮ್ ಹಿಡಿದು ಮಕ್ಕಳ ತಲೆ ಎಣಿಸುತ್ತಿದ್ದೇವೆ.

ಈ ಸಲ ಹಾಸ್ಟೆಲ್ ಪೂರ್ತಿ ತುಂಬಿಲ್ಲ. ಸೀಟು ಯಾಕೆ ಖಾಲಿ ಅಂತ ಡೋನರ್ ಕಡೆಯಿಂದ ಮೇಲ್ ಬಂದಿದೆ. ಉತ್ತರಕ್ಕೆ ಎರಡೂ ಕಾಲಂ ಸೇರಿಸಿ ಶೀಟ್ ಕಳಿಸಿದ್ದೇನೆ. ಮುಂಗಾರಿಗೆ ಜನ ವಾಪಸ್ ಬಂದ ಮೇಲೆ ಚೀಟಿ ಬಾರದ ಊರುಗಳ ಲೆಕ್ಕವೂ ಹೋಗುತ್ತದೆ.