ಸಾಲವನ್ನೇ ಮಾಡದ ತಮ್ಮನಿಗೆ ಕ್ರೆಡಿಟ್ ಕಾರ್ಡ್ ಯಾಕೆ ಕೊಡಿಸಿದೆ

ನನ್ನ ತಮ್ಮ ಯಾರ ಹತ್ತಿರವೂ ಕೈಗಡ ಕೇಳಿದವನಲ್ಲ. ದಾವಣಗೆರೆಯ ಹದಡಿ ರಸ್ತೆಯಲ್ಲಿ ಅವನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಚನ್ನಗಿರಿ, ಜಗಳೂರು ಕಡೆಯಿಂದ ಸುಟ್ಟ ಬೋರ್‌ವೆಲ್ ಮೋಟಾರುಗಳು ಬಂದು ಬಾಗಿಲ ತನಕ ಬಿದ್ದಿರುತ್ತವೆ. ತಾಮ್ರದ ತಂತಿ, ಬೇರಿಂಗು ಎಲ್ಲ ರೊಕ್ಕ ಕೊಟ್ಟೇ ತರುತ್ತಾನೆ. ಬೈಕು ತಗೊಂಡಿದ್ದೂ ಕೂಡಿಟ್ಟ ದುಡ್ಡಿನಲ್ಲೇ. ಇಂಥವನು ನಿಟುವಳ್ಳಿ ಸೈಟಿನಲ್ಲಿ ಮನೆ ಕಟ್ಟಬೇಕೆಂದು ಬ್ಯಾಂಕಿಗೆ ಹೋದರೆ, ಸಿಬಿಲ್ ಸ್ಕೋರ್, ಅಂದರೆ ಸಾಲ ಕಟ್ಟುವ ಶಿಸ್ತಿಗೆ ಕೊಡುವ ಅಂಕ, ಇರಬೇಕಾದ ಜಾಗದಲ್ಲಿ ಮೈನಸ್ ಒಂದು ಎಂದು ತೋರಿಸಿತು. "ಅಕ್ಕಾ, ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟವನಲ್ಲ ನಾನು, ನನಗ್ಯಾಕೆ ಮೈನಸ್ಸು?" ಎಂದು ಅವನು ಕೇಳಿದ ಪ್ರಶ್ನೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಅವನಂಥವರು ನಮ್ಮೂರಲ್ಲಿ ಬಹಳ ಜನ ಇದ್ದಾರೆ.

ಆ ಮೈನಸ್ ಒಂದಕ್ಕೆ ಕೆಟ್ಟವನು ಎಂಬ ಅರ್ಥವಿಲ್ಲ. ಅವನ ಬಗ್ಗೆ ಬರೆದಿಡುವಂಥದ್ದು ಏನೂ ಸಿಕ್ಕಿಲ್ಲ ಎಂದಷ್ಟೇ. ನಾನು ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಸೀಜನ್ನಿನಲ್ಲಿ ಯಾವ ಖರೀದಿದಾರ ಹೇಳಿದ ದಿನಕ್ಕೆ ಪೇಮೆಂಟ್ ಮಾಡುತ್ತಾನೆ, ಯಾರು ನಾಳೆ ನಾಡಿದ್ದು ಅಂತ ಎಳೆದಾಡುತ್ತಾನೆ ಎಂಬುದು ಇಡೀ ಯಾರ್ಡಿಗೆ ಗೊತ್ತು. ಹೊಸದಾಗಿ ಬಂದವನಿಗೆ ಎಷ್ಟೇ ದುಡ್ಡಿರಲಿ, ಮೊದಲ ಲೋಡು ಉದ್ರಿ ಕೊಡುವಾಗ ಸಾಹುಕಾರರು ಎರಡು ಸಲ ಯೋಚಿಸುತ್ತಾರೆ. ಬ್ಯಾಂಕುಗಳಿಗೆ ಈ ಸುದ್ದಿ ಕೊಡುವ ಕೆಲಸ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳದು. ಅಂಕ 300ರಿಂದ 900ರ ತನಕ. ನಿಮ್ಮ ಸಂಬಳ ಎಷ್ಟು, ಖಾತೆಯಲ್ಲಿ ಎಷ್ಟಿದೆ ಎಂಬುದು ಆ ಅಂಕದೊಳಗೆ ಬರುವುದೇ ಇಲ್ಲ. ಪಡೆದದ್ದನ್ನು ಹೇಳಿದ ದಿನಕ್ಕೆ ಕಟ್ಟಿದಿರಾ, ಸಿಕ್ಕಿದ ಮಿತಿಯಲ್ಲಿ ಎಷ್ಟು ಬಳಸುತ್ತೀರಿ, ಎಷ್ಟು ವರ್ಷದಿಂದ ವ್ಯವಹಾರ ಇದೆ, ಹೊಸ ಸಾಲಕ್ಕೆ ಎಷ್ಟು ಕಡೆ ಅರ್ಜಿ ಹಾಕಿದ್ದೀರಿ ಎಂಬುದನ್ನು ನೋಡುತ್ತಾರೆ.

ಮೊದಲ ಸಲ ಸಾಲ ಕೇಳುವವರನ್ನು ಹಳೆಯ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ವಾಪಸ್ ಕಳಿಸಬಾರದು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಹೇಳಿದೆ. ಕೌಂಟರಿನಲ್ಲಿ ಯಾರಾದರೂ ಹಾಗೆ ಅಂದರೆ ಇದನ್ನು ಧೈರ್ಯವಾಗಿ ಹೇಳಿ. ಆದರೂ ದಾಖಲೆ ಇದ್ದವನ ಮಾತಿಗೆ ತೂಕ ಜಾಸ್ತಿ.

ಆ ದಾಖಲೆ ಬೆಳೆಸಲು ಅವನಿಗೆ ನಾನು ಹೇಳಿದ್ದು ಎಫ್‌ಡಿ, ಅಂದರೆ ಬ್ಯಾಂಕಿನಲ್ಲಿಟ್ಟ ಠೇವಣಿಯ ಭದ್ರತೆ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್. ಮೂವತ್ತು ಸಾವಿರ ಎಫ್‌ಡಿ ಇಟ್ಟ, ಇಪ್ಪತ್ತನಾಲ್ಕು ಸಾವಿರ ಮಿತಿಯ ಕಾರ್ಡ್ ಬಂತು. ಎಫ್‌ಡಿಗೆ ಬಡ್ಡಿ ಅದರ ಪಾಡಿಗೆ ಬರುತ್ತದೆ. ಸಂಬಳದ ಚೀಟಿ ಇಲ್ಲದ ಅಂಗಡಿಯವರಿಗೆ, ಹೊಲಿಗೆಯವರಿಗೆ, ಆಟೋದವರಿಗೆ ಇದಕ್ಕಿಂತ ಸಲೀಸಾದ ದಾರಿ ನನಗೆ ಕಂಡಿಲ್ಲ. ಕಾರ್ಡಿನಲ್ಲಿ ಮಾಡಬೇಕಾದ ಖರ್ಚು ಮೂರೇ ಎಂದು ಮೊದಲೇ ಕಟ್ಟುನಿಟ್ಟು ಮಾಡಿದೆ: ಬೈಕಿನ ಪೆಟ್ರೋಲು, ಫೋನ್ ರೀಚಾರ್ಜು, ಅಂಗಡಿಯ ಬೆಸ್ಕಾಂ ಬಿಲ್ಲು. ಕಾರ್ಡ್ ಇರಲಿ ಬಿಡಲಿ, ಹೇಗಿದ್ದರೂ ಆಗುವ ಖರ್ಚುಗಳು ಇವು. ತಾಮ್ರದ ತಂತಿಯನ್ನು ಇದರಲ್ಲಿ ತರಬೇಡ ಎಂದೆ. ಕಾರ್ಡ್ ಉಜ್ಜಿದರೆ ಶೇಕಡಾ 2 ಜಾಸ್ತಿ ಕೇಳುವ ಅಂಗಡಿಗಳಿವೆ, ಆ ಎರಡು ರೂಪಾಯಿ ಅವನ ಲಾಭದಲ್ಲೇ ಹೋಗುತ್ತದೆ. ರುಪೇ ಕಾರ್ಡ್ ಆಗಿದ್ದರಿಂದ ಯುಪಿಐಗೆ ಜೋಡಿಸಿಕೊಂಡು ಅಂಗಡಿಯವರ ಕ್ಯೂಆರ್ ಸ್ಕ್ಯಾನ್ ಮಾಡಿಯೂ ಕೊಡಬಹುದು. ಅನುಕೂಲವೇ, ಆದರೆ ಬೆಣ್ಣೆದೋಸೆಯ ಬಿಲ್ಲೂ ಸಾಲದ ಲೆಕ್ಕಕ್ಕೆ ಹೋಗುವಷ್ಟು ಸುಲಭವಾಗಬಾರದು.

ಎರಡು ತಾರೀಖು ನೆನಪಿಡಬೇಕು. ಬಿಲ್ ಆಗುವ ದಿನ, ಕಟ್ಟಬೇಕಾದ ಕೊನೇ ದಿನ. ತಮ್ಮನ ಕಾರ್ಡಿಗೆ ಪ್ರತಿ ತಿಂಗಳು 5ಕ್ಕೆ ಬಿಲ್, 25 ಕೊನೇ ದಿನ. 6ನೇ ತಾರೀಖು ಹಾಕಿಸಿದ ಪೆಟ್ರೋಲಿನ ದುಡ್ಡು ಮುಂದಿನ ತಿಂಗಳ 25ಕ್ಕೆ, ಹತ್ತಿರ ಹತ್ತಿರ 50 ದಿನ ಬಡ್ಡಿ ಇಲ್ಲದೆ. ಅದನ್ನೇ 4ಕ್ಕೆ ಹಾಕಿಸಿದರೆ 21 ದಿನ ಮಾತ್ರ. ಎಷ್ಟೋ ಜನ ಕೊನೇ ದಿನವನ್ನಷ್ಟೇ ನೋಡುತ್ತಾರೆ, ಬಿಲ್ ದಿನ ನೋಡುವುದಿಲ್ಲ. ಬಿಲ್ ದಿನ ಬಾಕಿ ಎಷ್ಟಿತ್ತು ಎಂಬುದೂ ಸ್ಕೋರಿಗೆ ತಟ್ಟುತ್ತದೆ. 24 ಸಾವಿರ ಮಿತಿಯಲ್ಲಿ 20 ಸಾವಿರ ಬಳಸಿ 25ಕ್ಕೆ ಪೂರ್ತಿ ಕಟ್ಟಿದರೂ, ವರದಿಯಲ್ಲಿ ಅವನು ದುಡ್ಡಿಗೆ ಪರದಾಡುವವನ ಹಾಗೆ ಕಾಣುತ್ತಾನೆ. ಮಿತಿಯ ಶೇಕಡಾ 30ರೊಳಗೆ, ಅಂದರೆ ಅವನ ಲೆಕ್ಕಕ್ಕೆ 7,200 ರೂಪಾಯಿಯೊಳಗೆ ಇರಲಿ ಎಂಬುದು ರೂಢಿ. ಅದು ದಾಟುವ ತಿಂಗಳು ಬಿಲ್ ಆಗುವ ಮುಂಚೆಯೇ ಅರ್ಧ ಕಟ್ಟಿಬಿಡು ಎಂದು ಹೇಳಿಕೊಟ್ಟಿದ್ದೇನೆ. 2025ರ ಜನವರಿಯಿಂದ ಬ್ಯಾಂಕುಗಳು ತಿಂಗಳಿಗೆ ಕನಿಷ್ಠ ಎರಡು ಸಲ ಸ್ಕೋರ್ ಕೊಡುವ ಈ ಕಂಪನಿಗಳಿಗೆ ಮಾಹಿತಿ ಕಳಿಸಬೇಕು. ಹಾಗಾಗಿ ಬಾಕಿ ಬಹಳ ದಿನ ಎತ್ತರದಲ್ಲಿ ನಿಲ್ಲದಿದ್ದರೆ ಒಳ್ಳೆಯದು.

ಇನ್ನು ನನಗೆ ಸಿಟ್ಟು ಬರುವ ವಿಷಯ. ಬಿಲ್ಲಿನಲ್ಲಿ ಒಟ್ಟು ಮೊತ್ತದ ಪಕ್ಕದಲ್ಲೇ ಇನ್ನೊಂದು ಸಣ್ಣ ಅಂಕಿ ಇರುತ್ತದೆ, ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕನಿಷ್ಠ ಕಟ್ಟಬೇಕಾದದ್ದು. 40 ಸಾವಿರ ಬಿಲ್ಲಿಗೆ ಶೇಕಡಾ 5 ಎಂದು 2,000 ಕಟ್ಟಿದಿರಿ ಅನ್ನಿ. ಉಳಿದದ್ದು 38 ಸಾವಿರ. ತಿಂಗಳಿಗೆ ಮೂರೂವರೆ ಬಡ್ಡಿಯ ಕಾರ್ಡಾದರೆ 1,330 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ ಸುಮಾರು 239. ಬಾಕಿ ಮತ್ತೆ 39,569ಕ್ಕೆ ಬಂದು ನಿಂತಿತು. ಎರಡು ಸಾವಿರ ಕಟ್ಟಿ ಇಳಿದದ್ದು 431 ರೂಪಾಯಿ! ಅದರ ಮೇಲೆ, ಬಾಕಿ ಉಳಿಸಿಕೊಂಡವರಿಗೆ ಹೊಸ ಖರ್ಚಿನ ಮೇಲೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ನೂರಕ್ಕೆ ಮೂರೂವರೆ ಬಡ್ಡಿ ಎಂದು ಲೇವಾದೇವಿಯವರು ಹೇಳಿದರೆ ನಮ್ಮ ಹಮಾಲರೂ ಎದ್ದು ಬರುತ್ತಾರೆ, ಕಾರ್ಡಿನಲ್ಲಿ ಮಾತ್ರ ಅದೇ ಬಡ್ಡಿ ಕಣ್ಣಿಗೆ ಬೀಳುವುದಿಲ್ಲ. ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಈಗ ನಮ್ಮನ್ನು ಕಾಯುವುದು ನಾವು ಪೂರ್ತಿ ಕಟ್ಟುವ ಅಭ್ಯಾಸ ಒಂದೇ. ಖಾತೆಯಿಂದ ಬಿಲ್ ತಾನಾಗಿ ಕಟ್ಟಿಹೋಗುವ ಆಟೋ ಡೆಬಿಟ್ ಹಾಕಿಸಿದವರು ಇವತ್ತೇ ಒಮ್ಮೆ ತೆರೆದು ನೋಡಿ, ಅದರಲ್ಲಿ ಟೋಟಲ್ ಡ್ಯೂ ಆಯ್ಕೆಯಾಗಿದೆಯೋ ಮಿನಿಮಮ್ಮೋ ಎಂದು.

ನಮ್ಮೂರ ದುಗ್ಗಮ್ಮನ ಜಾತ್ರೆಯ ವರ್ಷ ಕಾರ್ಡಿನ ಬಾಕಿ ಹೇಗೆ ಬೆಳೆಯುತ್ತದೆ ಎಂದು ಕಂಡಿದ್ದೇನೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬೀಗರು ನೆಂಟರೆಲ್ಲ ಬರುತ್ತಾರೆ, ಕುರಿ, ಬಟ್ಟೆ, ಮನೆಗೆ ಬಣ್ಣ. ಖರ್ಚು ಮಾಡಬೇಡಿ ಎನ್ನುವ ಮಾತು ನನ್ನ ಬಾಯಲ್ಲಿ ಬಾರದು, ಅದು ನಮ್ಮ ಸಂಭ್ರಮ. ಆದರೆ ಅದಕ್ಕೆ ಚೀಟಿ ಕಟ್ಟಿ, ಮುಂಚಿನಿಂದ ಕೂಡಿಡಿ. ಕಾರ್ಡ್ ಉಜ್ಜಿ ಜಾತ್ರೆ ಮಾಡಿದವರು ಮುಂದಿನ ಜಾತ್ರೆ ತನಕ ಬಡ್ಡಿ ಕಟ್ಟುತ್ತಿರುವುದು ನಮ್ಮ ಬೀದಿಯಲ್ಲೇ ಇದೆ. ಎಟಿಎಮ್ಮಿನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯುವುದಂತೂ ಬೇಡವೇ ಬೇಡ, ಶುಲ್ಕದ ಜೊತೆ ಮೊದಲ ದಿನದಿಂದಲೇ ಬಡ್ಡಿ.

ಯಾರ್ಡಿನಲ್ಲಿ ತೂಕ ಮಾಡುವವರೊಬ್ಬರು ಅರವತ್ತು ಸಾವಿರ ಬಾಕಿಯನ್ನು ಇಪ್ಪತ್ತೈದು ಸಾವಿರಕ್ಕೆ ಸೆಟ್ಲ್ ಮಾಡಿಕೊಂಡು, ಉಳಿದದ್ದನ್ನು ಬಿಡಿಸಿಕೊಂಡು ಗೆದ್ದೆವು ಅಂದುಕೊಂಡಿದ್ದರು. ಮಗಳ ಓದಿಗೆ ಸಾಲ ಕೇಳಲು ಹೋದಾಗ ವರದಿಯಲ್ಲಿ "ಸೆಟ್ಲ್ಡ್" ಎಂದಿತ್ತು. ಪೂರ್ತಿ ಕಟ್ಟಿದವರಿಗೆ "ಕ್ಲೋಸ್ಡ್" ಎಂದು ಬರುತ್ತದೆ, ಬ್ಯಾಂಕಿನವರ ಕಣ್ಣಿಗೆ ಎರಡೂ ಒಂದೇ ಅಲ್ಲ. ಸಹಿ ಹಾಕುವ ಮುಂಚೆ ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ. ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ನಮ್ಮ ಕಡೆ ಮಂಜುನಾಥ, ಬಸವರಾಜ ಬೀದಿಗೆ ಹತ್ತು ಜನ, ಇನ್ನೊಬ್ಬರ ಸಾಲ ನಮ್ಮ ಹೆಸರಿಗೆ ಬಂದಿದೆಯೇ ಎಂದು ನೋಡುವುದು ಒಳ್ಳೆಯದು. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ ಇದೆ.

ತಮ್ಮನ ಸ್ಕೋರ್ ಈಗ 760ರ ಮೇಲಿದೆ, ಮನೆಗೆ ಪಾಯ ತೆಗೆದಾಯಿತು. ಈಗ ಅವನ ಹೆಂಡತಿಯ ಸರದಿ. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಇನ್ನೊಂದು ಮಿಷನ್ ಹಾಕಬೇಕೆಂಬ ಆಸೆ. "ನನ್ನ ಕಾರ್ಡಿಗೇ ನಿನಗೊಂದು ಆಡ್ ಆನ್ ಮಾಡಿಸುತ್ತೇನೆ" ಎಂದ ತಮ್ಮ. ಆಡ್ ಆನ್ ಅಂದರೆ ಅವನ ಕಾರ್ಡಿನ ಖಾತೆಗೇ ಸೇರಿದ ಇನ್ನೊಂದು ಕಾರ್ಡ್. ಅದರಲ್ಲಿ ಅವಳು ಎಷ್ಟು ಶಿಸ್ತಾಗಿ ಖರ್ಚು ಮಾಡಿದರೂ ದಾಖಲೆ ಬೆಳೆಯುವುದು ಅವನ ಹೆಸರಲ್ಲಿ. ಹೊಲಿಗೆಯ ದುಡ್ಡಿನಲ್ಲಿ ಹದಿನೈದು ಸಾವಿರ ಎಫ್‌ಡಿ ಇಟ್ಟು, ಅವಳ ಪ್ಯಾನ್ ಕೊಟ್ಟು, ಅವಳ ಹೆಸರಲ್ಲೇ ಅರ್ಜಿ ಹಾಕಿದ್ದೇವೆ.