ಟೋಪನ್ ತೆಗೆಸಿದ ಮೇಷ್ಟ್ರು, ಬೀಜಿಂಗಿನ ಒಬ್ಬ ನಟ

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಏನಾದರೂ ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕರು ಫೋನ್ ಮಾಡಿದಾಗ ಹಿಂಜರಿದೆ. ಕ್ಯಾಂಟೀನು, ಹಾಜರಾತಿ ಕೊರತೆ, ಕೊನೆಯ ಬೆಂಚು ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ಈ ಕಾಲೇಜಿನಿಂದ ನಾನು ಹೊತ್ತುಕೊಂಡು ಹೋದದ್ದರಲ್ಲಿ ಇಂದಿಗೂ ಸವೆಯದೆ ಉಳಿದಿರುವುದು ಒಬ್ಬ ಚೀನೀ ನಟನ ಹೆಸರು: ಯಿಂಗ್ ರುವೊಚೆಂಗ್.

1991ರ ವಾರ್ಷಿಕೋತ್ಸವ. ಅಂತಿಮ ಬಿ.ಎ.ಯ ನಾವು ಐದಾರು ಮಂದಿ ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದ ಎರಡು ದೃಶ್ಯಗಳನ್ನು ಕನ್ನಡಕ್ಕೆ ಮಾಡಿಕೊಂಡು ಆಡಲು ಹೊರಟಿದ್ದೆವು. ಆ ಸೇಲ್ಸ್‌ಮನ್, ವಿಲ್ಲಿ ಲೋಮನ್ ಪಾತ್ರ ನನ್ನದು. ಅಮೆರಿಕದವನೆಂದ ಮೇಲೆ ಕೂದಲು ಕಪ್ಪಗಿದ್ದರೆ ಹೇಗೆ? ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಒಂದು ಕೆಂಚು ಟೋಪನ್ ಸಿಕ್ಕಿತು. ಯಾವ ಋಷಿಯ ತಲೆಯ ಮೇಲೆ ಎಷ್ಟು ವರ್ಷ ತಪಸ್ಸು ಮಾಡಿತ್ತೋ, ಕರ್ಪೂರದ ವಾಸನೆ ಹೊಡೆಯುತ್ತಿತ್ತು. ಮುಖಕ್ಕೆ ಅರ್ಧ ಡಬ್ಬಿ ಪೌಡರು. ಬಣ್ಣದ ಕೋಣೆಗೆ ಬಂದ ಇಂಗ್ಲಿಷ್ ಮೇಷ್ಟ್ರು ನನ್ನನ್ನು ಸುಮ್ಮನೆ ನೋಡಿದರು. ಬೈಯಲಿಲ್ಲ. ಟೋಪನನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟರು. “ಬೀಜಿಂಗಿನವರೂ ಹೀಗೇ ಮಾಡಲು ಹೊರಟಿದ್ದರಪ್ಪ. ಮಿಲ್ಲರ್ ತಾನೇ ನಿಂತು ಬೇಡ ಅಂದ. ಹೋಗು, ಮುಖ ತೊಳೆದುಕೊಂಡು ಬಾ.”

ಮರುದಿನ ಗ್ರಂಥಾಲಯದಿಂದ ತಮ್ಮ ಹೆಸರಿನಲ್ಲಿ ಒಂದು ಪುಸ್ತಕ ತೆಗೆಸಿಕೊಟ್ಟರು. ಬೀಜಿಂಗಿನಲ್ಲಿ ಈ ನಾಟಕ ಆಡಿಸಿದ ದಿನಗಳ ಬಗ್ಗೆ ಮಿಲ್ಲರ್ ಬರೆದ ದಿನಚರಿ ಅದು. ಅಲ್ಲಿ ನಾಟಕದ ಮೊದಲ ಪ್ರದರ್ಶನ 1983ರ ಮೇ 7ರಂದು, ಬೀಜಿಂಗ್ ಪೀಪಲ್ಸ್ ಆರ್ಟ್ ಥಿಯೇಟರ್ ತಂಡದಿಂದ. ಮಿಲ್ಲರ್ ಅವರೇ ನಿರ್ದೇಶಕರು, ಅವರಿಗೆ ಚೀನೀ ಭಾಷೆ ಒಂದಕ್ಷರ ಬಾರದು. ನಾಟಕವನ್ನು ಚೀನೀ ಭಾಷೆಗೆ ತಂದವರು ಯಿಂಗ್. ತಾಲೀಮಿನಲ್ಲಿ ನಿರ್ದೇಶಕರಿಗೂ ನಟರಿಗೂ ನಡುವಿನ ಸೇತುವೆ ಯಿಂಗ್. ವಿಲ್ಲಿ ಲೋಮನ್ ಆಗಿ ಅಭಿನಯಿಸಿದವರೂ ಯಿಂಗ್! ಹೊಂಬಣ್ಣದ ಟೋಪನ್ ಹಾಕಿ ಬಿಳಿಯರಂತೆ ಕಾಣುವುದು ಆಗ ಅಲ್ಲಿನ ರಂಗಭೂಮಿಯ ರೂಢಿ. ಅಮೆರಿಕದವರನ್ನು ಅನುಕರಿಸಿದಷ್ಟೂ ನಾಟಕ ಸುಳ್ಳಾಗುತ್ತದೆ, ನೀವು ನೀವಾಗಿಯೇ ಆಡಿ ಎಂಬುದು ಮಿಲ್ಲರ್ ಅವರ ಪಟ್ಟು.

ನಮಗೆ ಈ ನಾಟಕದ ವಿಮೆಯ ವಿಷಯ ಅರ್ಥವಾಗಲು ಕಷ್ಟವೇ ಇರಲಿಲ್ಲ. ಬೀದಿಗೊಬ್ಬ ಎಲ್‌ಐಸಿ ಏಜೆಂಟರಿದ್ದ ಕಾಲ. ಚೀನಾದಲ್ಲಿ ಹಾಗಲ್ಲ. ದೇಶದೊಳಗಿನ ವಿಮಾ ವ್ಯವಹಾರ ಸುಮಾರು ಎರಡು ದಶಕ ನಿಂತೇ ಹೋಗಿ ಆಗಷ್ಟೇ ಮತ್ತೆ ಶುರುವಾಗಿತ್ತು. ಸತ್ತರೆ ಮನೆಗೆ ಹಣ ಬರುತ್ತದೆಂದು ಒಬ್ಬ ಸಾಯಲು ಹೊರಡುವುದನ್ನು ಆ ಪ್ರೇಕ್ಷಕರಿಗೆ ಮುಟ್ಟಿಸಬೇಕು. ಸೈಕಲ್ಲಿನಲ್ಲಿ ನಾಟಕಕ್ಕೆ ಬಂದವರಿಗೆ, ಸ್ವಂತ ಮನೆ, ಕಾರು, ಫ್ರಿಜ್ಜು ಎಲ್ಲ ಇರುವವನು ಸೋತವನು ಎಂದು ನಂಬಿಸಬೇಕು. ಸೇಲ್ಸ್‌ಮನ್ ಎಂಬುದಕ್ಕೆ ಚೀನೀ ಮಾತು ‘ತುಯ್‌ಷಿಯಾವೊಯುವಾನ್’, ಬಿಡಿಸಿದರೆ ‘ತಳ್ಳಿ ಮಾರುವವನು’. ನಾವು ಅದಕ್ಕೆ ‘ಮಾರಾಟ ಪ್ರತಿನಿಧಿ’ ಎಂದು ಬರೆದುಕೊಂಡಿದ್ದೆವು. ಮೇಷ್ಟ್ರು ಕೆಂಪು ಪೆನ್ನಿನಿಂದ ಅದನ್ನು ಹೊಡೆದುಹಾಕಿದ್ದರು. ಅಂಚಿನಲ್ಲಿ ಒಂದೇ ಪ್ರಶ್ನೆ: “ಯಾರ ಹೆಂಡತಿ ಹೀಗೆ ಮಾತಾಡುತ್ತಾಳೆ?”

ಯಿಂಗ್ ಕೂಡ ಇದೇ ಪ್ರಶ್ನೆಯನ್ನು ತಮಗೆ ಹಾಕಿಕೊಂಡಿರಬೇಕು. ಓದುಗ ಪುಟ ಹಿಂದೆ ತಿರುಗಿಸಬಹುದು, ಅಡಿಟಿಪ್ಪಣಿ ನೋಡಬಹುದು. ಪ್ರೇಕ್ಷಕನಿಗೆ ಆ ಅನುಕೂಲ ಇಲ್ಲ. ಕಿವಿಗೆ ಬಿದ್ದ ಕ್ಷಣವೇ ಮಾತು ತಾಗಬೇಕು. ಬೀಜಿಂಗಿನ ಬೀದಿಯ ಆಡುಮಾತಿನಲ್ಲಿ ಅವರು ವಿಲ್ಲಿಯನ್ನು ಬರೆದರು. ಉಳಿದದ್ದು ತಾನಾಗಿ ಆಯಿತು. ಮಗ ಡ್ರಾಗನ್ ಆಗಲಿ, ಅಂದರೆ ದೊಡ್ಡವನಾಗಲಿ, ಎಂದು ತಂದೆ ಹಾರೈಸುವುದು ಅಲ್ಲಿನ ನಾಣ್ಣುಡಿ. ಮಗನ ಮೇಲೆ ಇಡೀ ಬದುಕನ್ನು ಪಣಕ್ಕಿಟ್ಟ ಆ ಮುದುಕ ಅಲ್ಲಿನವರಿಗೆ ಪರಕೀಯನಾಗಿ ಕಾಣಲೇ ಇಲ್ಲ.

ಇಂಗ್ಲಿಷ್ ನಾಟಕವನ್ನು ಹೀಗೆ ತರುವಷ್ಟು ಇಂಗ್ಲಿಷ್ ಯಿಂಗ್ ಅವರಿಗೆ ಎಲ್ಲಿಂದ ಬಂತು? ಹುಟ್ಟಿದ್ದು 1929ರಲ್ಲಿ ಬೀಜಿಂಗಿನಲ್ಲಿ, ಮಂಚೂ ಮೂಲದ ಕ್ಯಾಥೊಲಿಕ್ ಮನೆತನದಲ್ಲಿ. ಅಜ್ಜ ಯಿಂಗ್ ಲಿಯಾನ್‌ಜಿ 1902ರಲ್ಲಿ ತಿಯಾನ್‌ಜಿನ್‌ನಲ್ಲಿ ‘ತಾ ಕುಂಗ್ ಪಾವೊ’ ಪತ್ರಿಕೆ ಆರಂಭಿಸಿದವರು. ಮೊಮ್ಮಗ ಬೀಜಿಂಗಿನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ವಿದೇಶಿ ಭಾಷೆಗಳನ್ನು ಓದಿ 1950ರಲ್ಲಿ ನೇರವಾಗಿ ನಾಟಕ ತಂಡ ಸೇರಿದರು. ಸಂಗಾತಿ ವೂ ಷಿಲಿಯಾಂಗ್ ಕೂಡ ಜೊತೆಗಿದ್ದರು. ಇಪ್ಪತ್ತೆಂಟರ ಹರೆಯದಲ್ಲಿ ಚೀನಾದ ಹೆಸರಾಂತ ಲೇಖಕ ಲಾವೋ ಷೆ ಅವರ ರಿಕ್ಷಾ ಎಳೆಯುವವನ ಕಥೆಯ ನಾಟಕರೂಪದಲ್ಲಿ ರಿಕ್ಷಾ ಅಂಗಡಿಯ ಮುದಿ ಯಜಮಾನನ ಪಾತ್ರ. ಮರುವರ್ಷ, 1958ರಲ್ಲಿ, ಲಾವೋ ಷೆ ಅವರದೇ ‘ಚಹಾ ಅಂಗಡಿ’.

ಇದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ನನಗೆ ಮಿಲ್ಲರ್ ನಾಟಕಕ್ಕಿಂತ ಇದೇ ದೊಡ್ಡದು. ಒಂದೇ ಚಹಾ ಅಂಗಡಿ, ಮೂರು ಅಂಕ, 1898ರಿಂದ ಎರಡನೆಯ ಮಹಾಯುದ್ಧ ಮುಗಿದ ನಂತರದವರೆಗಿನ ಅರ್ಧ ಶತಮಾನ. ಯಿಂಗ್ ಆಡಿದ್ದು ಲಿಯು ಎಂಬ ದಲ್ಲಾಳಿಯನ್ನು. ಮುಖದ ತುಂಬ ಸಿಡುಬಿನ ಕಲೆ, ಮೈಮೇಲೆ ವಿದೇಶಿ ಬಟ್ಟೆಯ ಜಂಬ. ಬಡ ರೈತನೊಬ್ಬನ ಹದಿನೈದು ವರ್ಷದ ಮಗಳನ್ನು ಹತ್ತು ತಾಯೆಲ್ ಬೆಳ್ಳಿಗೆ ಮುದಿ ನಪುಂಸಕ ಅಧಿಕಾರಿಗೆ ಕೊಡಿಸುತ್ತಾನೆ. ಆ ವ್ಯವಹಾರದ ಮಧ್ಯದಲ್ಲೇ ಇನ್ನೊಬ್ಬನಿಗೆ ಪುಟ್ಟ ಗಡಿಯಾರ ಮಾರಲು ನೋಡುತ್ತಾನೆ. ಎರಡಕ್ಕೂ ಒಂದೇ ನಾಲಿಗೆ. ಎರಡನೆಯ ಅಂಕದಲ್ಲಿ ಅವನನ್ನು ಸೈನ್ಯದಿಂದ ಓಡಿಬಂದವನೆಂದು ತಪ್ಪು ತಿಳಿದು ಎಳೆದೊಯ್ದು ತಲೆ ಕಡಿಯುತ್ತಾರೆ. ಹಾಗಂತ ನಟನಿಗೆ ಬಿಡುಗಡೆ ಇಲ್ಲ. ಮೂರನೆಯ ಅಂಕದಲ್ಲಿ ಅವನ ಮಗನಾಗಿ ಅದೇ ನಟ ಬರುತ್ತಾನೆ, ಅಪ್ಪನ ದಂಧೆಗೆ ‘ಟ್ರಸ್ಟ್’ ಎಂಬ ಆಧುನಿಕ ಹೆಸರಿಟ್ಟುಕೊಂಡು. ಈ ನಾಟಕದ ಸಿನಿಮಾ 1982ರಲ್ಲಿ ಬಂತು, ಅದರಲ್ಲೂ ಯಿಂಗ್ ಇದ್ದಾರೆ. ನಾನು ನೋಡಿದ್ದು ಅದನ್ನೇ, ಬಹಳ ತಡವಾಗಿ. ಆತ ಎಲ್ಲೂ ಖಳನಂತೆ ಕಣ್ಣು ಕೆರಳಿಸುವುದಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂಬ ನಗು ಮುಖದಿಂದ ಇಳಿಯುವುದೇ ಇಲ್ಲ. ನೋಡುವವರಿಗೆ ಅಸಹ್ಯವಾಗುವುದು ಆ ನಗುವಿನಿಂದ.

ಲಾವೋ ಷೆ 1966ರಲ್ಲಿ, ಮಾವೋ ಹೂಡಿದ ಸಾಂಸ್ಕೃತಿಕ ಕ್ರಾಂತಿಯ ಆರಂಭದ ದಿನಗಳಲ್ಲೇ, ಅವಮಾನ ಮತ್ತು ಹೊಡೆತ ತಿಂದ ಮರುದಿನ ಕೆರೆಯಲ್ಲಿ ಹೆಣವಾದರು. 1968ರಲ್ಲಿ ಯಿಂಗ್ ಮತ್ತು ಅವರ ಪತ್ನಿ ಇಬ್ಬರನ್ನೂ ಹಿಡಿದೊಯ್ದರು. ಮೂರು ವರ್ಷ ಸೆರೆ. ಅಲ್ಲಿ ಅವರು ಸಹಕೈದಿಗಳ ಹತ್ತಿರ ಅವರವರ ಕಸುಬಿನ ಗುಟ್ಟು ಕೇಳುತ್ತ ಕಾಲ ಕಳೆದರಂತೆ. ನಟನ ಅಭ್ಯಾಸ ಎಲ್ಲಿ ಹೋಗುತ್ತದೆ?

ಹೊರಬಂದ ಮೇಲೆ ಅವರ ಬದುಕು ಓಡಿದ ವೇಗ ಬೆರಗು ಹುಟ್ಟಿಸುತ್ತದೆ. 1980ರಲ್ಲಿ ‘ಚಹಾ ಅಂಗಡಿ’ಯೊಂದಿಗೆ ಯೂರೋಪು. 1982ರಲ್ಲಿ ‘ಮಾರ್ಕೊ ಪೋಲೊ’ ಟಿ.ವಿ. ಸರಣಿಯಲ್ಲಿ ಕುಬ್ಲಾಯ್ ಖಾನ್. 1986ರಲ್ಲಿ ಸಂಸ್ಕೃತಿ ಖಾತೆಯ ಉಪಮಂತ್ರಿ. 1990ರವರೆಗೆ ಆ ಕುರ್ಚಿಯಲ್ಲಿದ್ದರು. ಮಂತ್ರಿಯಾಗಿ ಏನು ಮಾಡಿದರೆಂಬುದು ನನ್ನ ಆಸಕ್ತಿಯಲ್ಲ. ಮಂತ್ರಿಯಾಗಿದ್ದುಕೊಂಡೇ ಬೆರ್ಟೊಲುಚಿ ಅವರ ‘ದಿ ಲಾಸ್ಟ್ ಎಂಪರರ್’ ಚಿತ್ರದಲ್ಲಿ ಜೈಲಿನ ಅಧಿಕಾರಿಯಾಗಿ ನಟಿಸಿದರು ಎಂಬುದು ಆಸಕ್ತಿ.

ಆ ಸಿನಿಮಾ ನೋಡಿದ್ದು 1992ರಲ್ಲಿ, ಮೇಷ್ಟ್ರ ಮನೆಯಲ್ಲಿ, ಬಾಡಿಗೆ ವಿ.ಸಿ.ಆರ್.ನಲ್ಲಿ. ಪದಚ್ಯುತ ಸಾಮ್ರಾಟ ಪೂಯಿ ಕೈದಿ. ಅವನಿಂದ ತಪ್ಪೊಪ್ಪಿಗೆ ಬರೆಸುವ ಅಧಿಕಾರಿ ಯಿಂಗ್. ದನಿ ಏರಿಸುವುದಿಲ್ಲ, ಹಟ ಬಿಡುವುದಿಲ್ಲ. ಕೊನೆಯ ಭಾಗದಲ್ಲಿ, ಬಿಡುಗಡೆಯಾಗಿ ತೋಟದ ಕೆಲಸ ಮಾಡಿಕೊಂಡಿರುವ ಪೂಯಿಗೆ ರಸ್ತೆಯಲ್ಲಿ ಒಂದು ಮೆರವಣಿಗೆ ಎದುರಾಗುತ್ತದೆ. ಸಾಂಸ್ಕೃತಿಕ ಕ್ರಾಂತಿಯ ಕೆಂಪು ಕಾವಲುಪಡೆಯ ಹುಡುಗರು ಅದೇ ಅಧಿಕಾರಿಯನ್ನು ಅಪರಾಧಿಯೆಂದು ಬೀದಿಯಲ್ಲಿ ನಡೆಸುತ್ತಿದ್ದಾರೆ. ಪೂಯಿ ಅಡ್ಡ ಹೋಗಿ, ಇವರು ಒಳ್ಳೆಯ ಶಿಕ್ಷಕರು ಎಂದು ಗೋಗರೆಯುತ್ತಾನೆ. ಯಾರೂ ಕೇಳುವುದಿಲ್ಲ.

ಮೇಷ್ಟ್ರು ಅಲ್ಲಿ ಪಾಸ್ ಒತ್ತಿದರು. ನಿಂತ ಚಿತ್ರ ನಡುಗುತ್ತಿತ್ತು. “ಇದು ಅವನಿಗೆ ಅಭಿನಯ ಅಲ್ಲವಪ್ಪ” ಎಂದರು. ಮತ್ತೆ ಪ್ಲೇ ಒತ್ತಲು ಮರೆತು ಒಳಗೆ ಹೋಗಿ ಕಾಫಿ ತಂದರು. ನನಗೆ ಆಗ ಅವರ ಮಾತು ಒಪ್ಪಿಗೆಯಾಯಿತು. ಈಗ ಇಲ್ಲ. ಅನುಭವಿಸಿದ್ದನ್ನು ಅಷ್ಟು ಅಳತೆಯಲ್ಲಿ, ಒಂದು ಗುಲಗಂಜಿ ಹೆಚ್ಚಾಗದಂತೆ ತೋರಿಸುವುದಿದೆಯಲ್ಲ, ಅಭಿನಯವೆಂದರೆ ಅದೇ.

1993ರ ‘ಲಿಟಲ್ ಬುದ್ಧ’ ಚಿತ್ರದಲ್ಲಿ ಯಿಂಗ್ ಸಾಯುವ ಲಾಮಾ ಆದರು. ತಾವು ತೀರಿಕೊಂಡದ್ದು 2003ರ ಡಿಸೆಂಬರ್ 27ರಂದು. ಕೊನೆಯ ವರ್ಷಗಳಲ್ಲಿ ಅಮೆರಿಕದ ವಿದ್ವಾಂಸೆ ಕ್ಲೇರ್ ಕಾನ್ಸಿಸನ್ ಅವರಿಗೆ ಹೇಳಿ ಬರೆಸಿದ ಆತ್ಮಕಥೆ 2009ರಲ್ಲಿ ಹೊರಬಂತು. ತರಿಸಿ, ಓದಿ ಮುಗಿಸಿ, ನಿವೃತ್ತರಾಗಿದ್ದ ಮೇಷ್ಟ್ರಿಗೆ ಕೊಟ್ಟು ಬರೋಣವೆಂದು ಹೋದೆ. ಕನ್ನಡಕ ಏರಿಸಿಕೊಂಡು ಅವರು ಹಿಂದಿನಿಂದ ಮುಂದಕ್ಕೆ ಪುಟ ಮಗುಚುತ್ತ ಹೋದರು. ಪರೀಕ್ಷೆಯ ಪೇಪರನ್ನೂ ಹೀಗೇ ನೋಡುತ್ತಿದ್ದರು.

“ಟೋಪನ್ ವಿಷಯ ಎಲ್ಲಿದೆಯಯ್ಯ?”

“ಅದು ಮಿಲ್ಲರ್ ಪುಸ್ತಕದಲ್ಲಿ ಸಾರ್. ನೀವೇ ಲೈಬ್ರರಿಯಿಂದ ತೆಗೆಸಿಕೊಟ್ಟಿದ್ದಿರಿ.”

“ವಾಪಸ್ ಕೊಟ್ಟೆಯೋ?”

ನಾನು ಕಾಫಿ ಲೋಟದ ಕಡೆ ನೋಡಿದೆ. ಸಂಪಾದಕರೇ, ಆ ಪುಸ್ತಕ ಇವತ್ತಿಗೂ ನನ್ನ ಕಪಾಟಿನಲ್ಲಿದೆ. ಈ ಲೇಖನದ ಜೊತೆಗೇ ಕಳಿಸುತ್ತಿದ್ದೇನೆ. ದಂಡ ಎಷ್ಟಾಯಿತೆಂದು ಗ್ರಂಥಪಾಲಕರನ್ನು ಕೇಳಿ ತಿಳಿಸಿ.